ಹೆಸರಿನ ಚೀಟಿ ಎಲ್ಲಿ ಅಂಟಿರಬೇಕು?

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲಾ ಆವರಣದಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು 2003-04ನೇ ಸಾಲಿನ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



2004ರಲ್ಲಿ ಇದೇ ಅಂಗಳದಲ್ಲಿ ಹತ್ತನೇ ತರಗತಿಯ ಬೀಳ್ಕೊಡುಗೆ ನಡೆದಾಗ ನನಗೆ ಎರಡು ನಿಮಿಷ ಮಾತಾಡಲು ಹೇಳಿದ್ದರು. ನಾನು ನಾಲ್ಕು ವಾಕ್ಯ ಹೇಳಿ, ಐದನೆಯದು ಮರೆತು, ವೇದಿಕೆಯಿಂದ ಇಳಿದು ಓಡಿದ್ದೆ. ನಮ್ಮ ಕನ್ನಡ ಮೇಷ್ಟ್ರು ಅದನ್ನು ಇನ್ನೂ ಮರೆತಿಲ್ಲ. ಬೆಳಿಗ್ಗೆ ಕಂಡ ಕೂಡಲೇ, "ಈ ಸಲ ಚೀಟಿ ತಂದಿದ್ದೀಯೇನಪ್ಪಾ?" ಅಂತ ಕೇಳಿದರು. ತಂದಿದ್ದೇನೆ ಸಾರ್. ಇವತ್ತು ನಾನು ಮಾತಾಡುವುದೂ ಚೀಟಿಯ ಬಗ್ಗೆಯೇ.

ಸಮಿತಿಯವರು ನನಗೆ "ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಿ" ಎಂದಿದ್ದರು. ಕೃತಕ ಬುದ್ಧಿಮತ್ತೆಯ ಬಗ್ಗೆ ಹೇಳುತ್ತೇನೆ ಎಂದು ನೀವು ನಿರೀಕ್ಷಿಸಿರಬಹುದು. ಅದರ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅದಕ್ಕಿಂತ ಬಹಳ ಚಿಕ್ಕ ವಿಷಯ ತೆಗೆದುಕೊಂಡಿದ್ದೇನೆ. ಕಂಪ್ಯೂಟರಿನಲ್ಲಿ ಒಂದು ಬರಹವನ್ನು ಸಿದ್ಧಪಡಿಸುವಾಗ ತಲೆಬರಹ, ಚಿತ್ರದ ಅಡಿಬರಹ, ಅನುಕ್ರಮ ಸಂಖ್ಯೆ ಇವುಗಳನ್ನು ಹೇಗೆ ಕೂರಿಸಬೇಕು ಎನ್ನುವುದು ಆ ವಿಷಯ. ಕೇಳುವುದಕ್ಕೆ ಸಪ್ಪೆ ಅನ್ನಿಸಬಹುದು. ಒಂದು ತಿಂಗಳ ಹಿಂದಿನವರೆಗೆ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಆಮೇಲೆ ನಾನೇ ಒಂದು ತಪ್ಪು ಮಾಡಿದೆ. ಮೊದಲು ಅದನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಈ ಸ್ಮರಣ ಸಂಚಿಕೆಯ ಪುಟಗಳನ್ನು ಜೋಡಿಸುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೆ. "ಸಾಫ್ಟ್‌ವೇರ್ ಎಂಜಿನಿಯರ್ ಇದ್ದಾನೆ, ಅವನಿಗೆ ಇದೇನು ಮಹಾ" ಎಂದು ಸಮಿತಿಯವರು ಅಂದುಕೊಂಡರು. ನಾನೂ ಅಂದುಕೊಂಡೆ. ಲೇಖನಗಳು ಬಂದವು. ಕೆಲವು ಕೈಬರಹದಲ್ಲಿ, ಕೆಲವು ವಾಟ್ಸಾಪಿನಲ್ಲಿ, ಕೆಲವು ಹಳೆಯ ನುಡಿ ಫಾಂಟಿನಲ್ಲಿ. ಜೊತೆಗೆ 118 ಫೋಟೋಗಳು ಬಂದವು. ಊರಿನ ಮನೆಮನೆಗಳ ಗೋಡೆಯಿಂದ, ಟ್ರಂಕಿನಿಂದ, ಆಲ್ಬಮ್ಮಿನಿಂದ ತೆಗೆದುಕೊಟ್ಟವು ಅವು. ಫೋಟೋಗಳೆಲ್ಲ ಒಂದು ಕಡೆ, ಅವುಗಳ ಅಡಿಬರಹಗಳೆಲ್ಲ ಇನ್ನೊಂದು ಕಡತದಲ್ಲಿ ಇದ್ದವು. ನಾನು ರಾತ್ರಿ ಹನ್ನೊಂದರ ಮೇಲೆ ಕೂತು ಫೋಟೋಗಳನ್ನು ಸಾಲಾಗಿ ಹಾಕಿ, ಅಡಿಬರಹಗಳನ್ನು ಸಾಲಾಗಿ ಅಂಟಿಸಿ, ಚಿತ್ರ 1, ಚಿತ್ರ 2 ಎಂದು ಕೈಯಿಂದಲೇ ಸಂಖ್ಯೆ ಹೊಡೆದೆ.

ಕರಡು ಸಿದ್ಧವಾದ ಮೇಲೆ ಒಂದು ಗುಂಪು ಫೋಟೋ ಎರಡು ಸಲ ಬಂದಿದೆ ಎಂದು ಯಾರೋ ಹೇಳಿದರು. 27ನೇ ಫೋಟೋ. ತೆಗೆದುಹಾಕಿದೆ. ಫೋಟೋ ಹೋಯಿತು, ಅದರ ಅಡಿಬರಹ ಹೋಗಲಿಲ್ಲ. ಉಳಿದ ಫೋಟೋಗಳನ್ನು ಒಂದೊಂದು ಜಾಗ ಮುಂದಕ್ಕೆ ಸರಿಸಿ ಪುಟ ತುಂಬಿಸಿದೆ. ಅಡಿಬರಹಗಳು ಮಾತ್ರ ಇದ್ದಲ್ಲೇ ಇದ್ದವು. ಅಲ್ಲಿಂದ ಮುಂದೆ 91 ಫೋಟೋಗಳು ತಮ್ಮ ಹಿಂದಿನವರ ಹೆಸರು ಹೊತ್ತು ನಿಂತವು. ಕೊನೆಯ ಪುಟದಲ್ಲಿ ಫೋಟೋ ಇಲ್ಲದ ಒಂದು ಅಡಿಬರಹ ಮಿಕ್ಕಿತ್ತು. ಅದು ಎಚ್ಚರಿಕೆಯ ಗಂಟೆ. ನಾನು ಅದನ್ನು ಎಲ್ಲಿಂದಲೋ ಬಂದ ಕಸ ಅಂದುಕೊಂಡು ಅಳಿಸಿಬಿಟ್ಟೆ.

ಕರಡನ್ನು ಮುದ್ರಿಸಿ ಶಾಲೆಯ ಆಫೀಸಿನಲ್ಲಿ ಎಲ್ಲರೂ ನೋಡಲೆಂದು ಇಟ್ಟಿದ್ದರು. ಮುಂದಿನ ಶನಿವಾರ ನಾನು ಬಂದಾಗ ಬಿಸಿಯೂಟದ ಅಡುಗೆಮನೆಯಲ್ಲಿ ಕೆಲಸ ಮಾಡುವ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಕರಡಿನ ಒಂದು ಪುಟ ತೆಗೆದು ತೋರಿಸಿ, "ಏನಪ್ಪಾ, ನಮ್ಮಪ್ಪ ಯಾವಾಗ ಚೀಫ್ ಗೆಸ್ಟ್ ಆಗಿದ್ರು?" ಎಂದು ಕೇಳಿದರು. ನಗುತ್ತಲೇ ಕೇಳಿದರು. ಆದರೆ ಕಣ್ಣಲ್ಲಿ ನಗು ಇರಲಿಲ್ಲ.

ಅವರ ತಂದೆ ಯಾರು ಎಂದು ನಿಮಗೆಲ್ಲ ಗೊತ್ತು. ಬೇವಿನ ಮರಕ್ಕೆ ನೇತುಹಾಕಿದ್ದ ರೈಲುಕಂಬಿಯ ತುಂಡಿಗೆ ದಿನಾ ಹೊಡೆಯುತ್ತಿದ್ದ ನಮ್ಮ ಬೆಲ್ಲಣ್ಣ. ಬೆಲ್ ಹೊಡೆಯುವ ಅಣ್ಣ, ಅದಕ್ಕೆ ಬೆಲ್ಲಣ್ಣ. ನಾನು ಮೂರು ವರ್ಷ ಈ ಶಾಲೆಯಲ್ಲಿ ಓದಿದರೂ ಅವರ ನಿಜವಾದ ಹೆಸರು ನನಗೆ ತಿಳಿದಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನಕ್ಕೆ ತಿಳಿದಿದೆ, ಒಮ್ಮೆ ಯೋಚಿಸಿ. ಆ ಮರದ ಕೆಳಗೆ ಸುತ್ತಿಗೆ ಹಿಡಿದು ನಿಂತ ಅವರ ಫೋಟೋ ಇಡೀ ಸಂಚಿಕೆಯಲ್ಲಿ ಒಂದೇ ಇರುವುದು. ಅವರ ಪೂರ್ಣ ಹೆಸರು ಬರುವುದೂ ಆ ಒಂದು ಅಡಿಬರಹದಲ್ಲಿ ಮಾತ್ರ. ನನ್ನ ಕರಡಿನಲ್ಲಿ ಅವರ ಚಿತ್ರದ ಕೆಳಗೆ "ವಾರ್ಷಿಕೋತ್ಸವದ ಮುಖ್ಯ ಅತಿಥಿಗಳು" ಎಂದಿತ್ತು. ಅವರ ಹೆಸರು ಮುಂದಿನ ಪುಟಕ್ಕೆ ಹೋಗಿ ಒಂದು ಖಾಲಿ ಕೊಠಡಿಯ ಚಿತ್ರದ ಕೆಳಗೆ ಕೂತಿತ್ತು.

ಆ ಅಕ್ಕ ಕರಡು ನೋಡದೇ ಹೋಗಿದ್ದರೆ ಸಂಚಿಕೆ ಹಾಗೆಯೇ ಅಚ್ಚಾಗುತ್ತಿತ್ತು. ಐವತ್ತು ವರ್ಷ ಕಳೆದು ಶತಮಾನೋತ್ಸವ ಮಾಡುವವರು ಈ ಪುಸ್ತಕವನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಆಗ ಬೆಲ್ಲಣ್ಣ ಒಂದು ಖಾಲಿ ಕೊಠಡಿಯಾಗಿ ಉಳಿಯುತ್ತಿದ್ದರು.

ಈಗ ತಪ್ಪು ಎಲ್ಲಿ ಆಯಿತು ಎಂದು ನೋಡೋಣ. ನಿದ್ದೆಗಣ್ಣಿನಲ್ಲಿ ಕೆಲಸ ಮಾಡಿದೆ ಎನ್ನುವುದು ನಿಜ. ಆದರೆ ಮೂಲ ತಪ್ಪು ಅದಲ್ಲ. ಇದು ಚಿತ್ರ, ಇದು ಅದರ ಹೆಸರು, ಇವೆರಡೂ ಒಂದಕ್ಕೊಂದು ಸೇರಿದವು ಎಂದು ನಾನು ಕಂಪ್ಯೂಟರಿಗೆ ಹೇಳಿಯೇ ಇರಲಿಲ್ಲ. ಪುಟದ ಮೇಲೆ ಅವು ಅಕ್ಕಪಕ್ಕ ಕಾಣುವಂತೆ ಮಾಡಿದ್ದೆ, ಅಷ್ಟೆ. ಹಾಗೆ ಕಾಣುವುದೇ ಬೇರೆ, ಹಾಗೆ ಇರುವುದೇ ಬೇರೆ. ಇವತ್ತಿನ ನನ್ನ ಮಾತೆಲ್ಲ ಇಷ್ಟೇ.

ಮಕ್ಕಳೇ, ಜೂನ್ ತಿಂಗಳಲ್ಲಿ ನೀವು ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕಿ, ಮೇಲೆ ಚೀಟಿ ಅಂಟಿಸುತ್ತೀರಿ. ಹೆಸರು, ತರಗತಿ, ವಿಭಾಗ, ವಿಷಯ. ಚೀಟಿಯನ್ನು ಪುಸ್ತಕಕ್ಕೆ ಅಂಟಿಸುತ್ತೀರಿ ಅಲ್ಲವೇ? ಪುಸ್ತಕ ಇಟ್ಟ ಬೆಂಚಿಗೆ ಅಂಟಿಸುವುದಿಲ್ಲ. ಬೆಂಚಿಗೆ ಅಂಟಿಸಿದರೆ ಏನಾಗುತ್ತದೆ? ಪುಸ್ತಕ ಪಕ್ಕಕ್ಕೆ ಸರಿದ ಕೂಡಲೇ ನಿಮ್ಮ ಗಣಿತದ ಪುಸ್ತಕ ಇನ್ನೊಬ್ಬನ ಸಮಾಜ ವಿಜ್ಞಾನ ಆಗುತ್ತದೆ. ನಾನು ಮಾಡಿದ್ದು ಅದನ್ನೇ. ಚೀಟಿಗಳನ್ನು ಬೆಂಚಿಗೆ ಅಂಟಿಸಿದ್ದೆ.

ಬರವಣಿಗೆಯ ತಂತ್ರಾಂಶಗಳಲ್ಲಿ, ಅದು ಮೈಕ್ರೋಸಾಫ್ಟ್ ವರ್ಡ್ ಇರಲಿ, ನಮ್ಮ ಶಾಲೆಯ ಕಂಪ್ಯೂಟರಿನಲ್ಲಿರುವ ಉಚಿತ ಲಿಬ್ರೆಆಫೀಸ್ ರೈಟರ್ ಇರಲಿ, ಚೀಟಿಯನ್ನು ಪುಸ್ತಕಕ್ಕೇ ಅಂಟಿಸುವ ವ್ಯವಸ್ಥೆ ಇದೆ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಟೈಪ್‌ರೈಟರಿನಲ್ಲಿ ಹೊಡೆದಂತೆ ಹೊಡೆಯುತ್ತೇವೆ. ಸಾಲು ಮಧ್ಯಕ್ಕೆ ಬರಲಿ ಎಂದು ಇಪ್ಪತ್ತು ಸಲ ಸ್ಪೇಸ್ ಒತ್ತುತ್ತೇವೆ. ಹೊಸ ಪುಟಕ್ಕೆ ಹೋಗಲು ಹದಿನೈದು ಸಲ ಎಂಟರ್ ಒತ್ತುತ್ತೇವೆ. ಮೇಲೆ ಒಂದು ಸಾಲು ಸೇರಿಸಿದರೆ ಎಲ್ಲ ಜಾರುತ್ತದೆ. ಹೊಸ ಪುಟಕ್ಕೆ ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒಂದೇ ಸಲ ಒತ್ತಿದರೆ ಸಾಕು. "ಇಲ್ಲಿ ಪುಟ ಮುಗಿಯಿತು" ಎಂದು ಹೇಳಿದ ಹಾಗೆ. ಆಮೇಲೆ ಮೇಲೆ ಎಷ್ಟು ಸಾಲು ಸೇರಿಸಿದರೂ ಆ ಮಾತು ಬದಲಾಗುವುದಿಲ್ಲ.

ಮೊದಲನೆಯದು ತಲೆಬರಹ. ನಾವು ಏನು ಮಾಡುತ್ತೇವೆ? ತಲೆಬರಹವನ್ನು ಆಯ್ದು, ದಪ್ಪ ಮಾಡಿ, ಗಾತ್ರ 18ಕ್ಕೆ ಏರಿಸಿ, ಬಣ್ಣ ಹಾಕಿ, ಮಧ್ಯಕ್ಕೆ ತರುತ್ತೇವೆ. ಕಣ್ಣಿಗೆ ಅದು ತಲೆಬರಹ. ಕಂಪ್ಯೂಟರಿಗೆ ಮಾತ್ರ ಅದು ದಪ್ಪಗಿರುವ ಇನ್ನೊಂದು ಸಾಲು. ಇದರ ಬದಲು ಸ್ಟೈಲ್ಸ್ ಎನ್ನುವ ಪಟ್ಟಿಯಲ್ಲಿ ಹೆಡಿಂಗ್ 1 ಎಂದು ಆರಿಸಿ. ಉಪಶೀರ್ಷಿಕೆಗೆ ಹೆಡಿಂಗ್ 2. ವರ್ಡಿನಲ್ಲಿ ಆ ಪಟ್ಟಿ ಹೋಮ್ ವಿಭಾಗದಲ್ಲೇ ಕಾಣುತ್ತದೆ. ಲಿಬ್ರೆಆಫೀಸಿನಲ್ಲಿ ಎಫ್11 ಒತ್ತಿದರೆ ಬರುತ್ತದೆ. ಅದು ಹೇಗೆ ಕಾಣಬೇಕು ಎನ್ನುವುದನ್ನು ಒಂದೇ ಜಾಗದಲ್ಲಿ, ಆ ಸ್ಟೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಮಾಡಿಫೈ ಎಂಬಲ್ಲಿಗೆ ಹೋಗಿ ಹೇಳಿದರೆ ಸಾಕು.

ನಮ್ಮ ಸಂಚಿಕೆಯಲ್ಲಿ 62 ಬರಹಗಳಿವೆ. ಸಮಿತಿಯ ಒಂದು ಸಭೆಯಲ್ಲಿ ತಲೆಬರಹ ಕೆಂಪು ಇರಲಿ ಎಂದರು. ಇನ್ನೊಂದು ಸಭೆಯಲ್ಲಿ ನೀಲಿ ಇರಲಿ ಎಂದರು. ಮೂರನೆಯ ಸಭೆಯಲ್ಲಿ, ಬಣ್ಣದ ಅಚ್ಚಿಗೆ ದುಡ್ಡು ಸಾಲದು, ಕಪ್ಪೇ ಇರಲಿ ಎಂದರು. ಕೈಯಿಂದ ಮಾಡಿದ್ದರೆ 62ನ್ನು ಮೂರು ಸಲ, ಅಂದರೆ 186 ಸಲ ಬದಲಾಯಿಸಬೇಕಿತ್ತು. ಅದರಲ್ಲಿ ನಾಲ್ಕೈದು ಬಿಟ್ಟುಹೋಗುವುದು ಖಂಡಿತ. ಸ್ಟೈಲ್ ಇದ್ದರೆ ಮೂರೇ ಸಲ. ಜೊತೆಗೆ ಪರಿವಿಡಿಯೂ ತಾನಾಗಿ ಸಿದ್ಧವಾಗುತ್ತದೆ. ಯಾವುದು ತಲೆಬರಹ, ಅದು ಯಾವ ಪುಟದಲ್ಲಿದೆ ಎನ್ನುವುದು ಕಂಪ್ಯೂಟರಿಗೆ ಗೊತ್ತಿರುತ್ತದಲ್ಲ, ಅದೇ ಪಟ್ಟಿ ಮಾಡಿಕೊಡುತ್ತದೆ.

ಎರಡನೆಯದು ಚಿತ್ರದ ಅಡಿಬರಹ. ವರ್ಡಿನಲ್ಲಿ ಚಿತ್ರವನ್ನು ಆಯ್ದು, ರೆಫರೆನ್ಸಸ್ ವಿಭಾಗದಲ್ಲಿ ಇನ್ಸರ್ಟ್ ಕ್ಯಾಪ್ಷನ್ ಒತ್ತಬೇಕು. ಅಲ್ಲಿ ಲೇಬಲ್ ಎಂಬ ಜಾಗ ಇದೆ. ಫಿಗರ್, ಟೇಬಲ್, ಈಕ್ವೇಶನ್ ಎಂದು ಮೊದಲೇ ಕೊಟ್ಟಿರುತ್ತಾರೆ. ನಮಗೆ ಅವು ಬೇಡ. ನ್ಯೂ ಲೇಬಲ್ ಒತ್ತಿ 'ಚಿತ್ರ' ಎಂದು ಕನ್ನಡದಲ್ಲೇ ಬರೆಯಿರಿ. ಬೇಕಾದರೆ 'ಕೋಷ್ಟಕ', 'ನಕ್ಷೆ' ಎಂದು ಬೇರೆ ಬೇರೆ ಲೇಬಲ್ ಮಾಡಿಕೊಳ್ಳಿ. ಒಂದೊಂದು ಲೇಬಲ್ಲಿಗೂ ಅದರದೇ ಎಣಿಕೆ ನಡೆಯುತ್ತದೆ. ಲಿಬ್ರೆಆಫೀಸಿನಲ್ಲೂ ಚಿತ್ರದ ಮೇಲೆ ಬಲಗುಂಡಿ ಒತ್ತಿದರೆ ಇದೇ ಸೌಲಭ್ಯ ಸಿಗುತ್ತದೆ. ಅಲ್ಲಿ ಅದನ್ನು ಕೆಟಗರಿ ಎನ್ನುತ್ತಾರೆ. ನಮ್ಮ ಪದವನ್ನು ನೇರವಾಗಿ ಟೈಪ್ ಮಾಡಬಹುದು.

ಹೀಗೆ ಬಂದ ಸಂಖ್ಯೆ ನೋಡಲು ಮಾಮೂಲಿ ಸಂಖ್ಯೆಯಂತೆಯೇ ಇರುತ್ತದೆ. ಒಳಗೆ ಅದು ಸಂಖ್ಯೆಯಲ್ಲ, "ಇದಕ್ಕೆ ಮುಂಚೆ ಎಷ್ಟು ಚಿತ್ರಗಳಿವೆ ಎಣಿಸಿ, ಒಂದು ಸೇರಿಸಿ ಬರೆ" ಎನ್ನುವ ಸೂಚನೆ. ಮಧ್ಯದಲ್ಲಿ ಒಂದು ಚಿತ್ರವನ್ನೂ ಅದರ ಅಡಿಬರಹವನ್ನೂ ಸೇರಿಸಿದರೆ, ತೆಗೆದರೆ, ಮುಂದಿನವೆಲ್ಲ ತಾವೇ ಬದಲಾಗುತ್ತವೆ. ಲೇಖನದ ಒಳಗೆ "ಚಿತ್ರ 41 ನೋಡಿ" ಎಂದು ಬರೆಯುವಾಗಲೂ 41 ಎಂದು ಕೈಯಿಂದ ಹೊಡೆಯಬೇಡಿ. ಕ್ರಾಸ್-ರೆಫರೆನ್ಸ್ ಎಂಬಲ್ಲಿಗೆ ಹೋಗಿ ಆ ಚಿತ್ರವನ್ನೇ ಬೆರಳಿಟ್ಟು ತೋರಿಸಿ. ನಾಳೆ ಅದು 40 ಆದರೆ ಲೇಖನದಲ್ಲೂ 40 ಆಗುತ್ತದೆ.

ಒಂದು ಎಚ್ಚರಿಕೆ. ವರ್ಡ್ ಈ ಎಣಿಕೆಯನ್ನು ಪ್ರತಿ ಕ್ಷಣವೂ ಮಾಡುವುದಿಲ್ಲ. ಅಚ್ಚಿಗೆ ಕೊಡುವ ಮುಂಚೆ ಕಂಟ್ರೋಲ್ ಮತ್ತು 'ಎ' ಒತ್ತಿ ಎಲ್ಲವನ್ನೂ ಆಯ್ದು, ಎಫ್9 ಒತ್ತಬೇಕು. ಆಗ ಎಲ್ಲ ಮತ್ತೆ ಎಣಿಕೆಯಾಗುತ್ತದೆ. ನೀವು ತೋರಿಸಿದ್ದ ಚಿತ್ರದ ಅಡಿಬರಹವೇ ಅಳಿಸಿಹೋಗಿದ್ದರೆ ಆ ಜಾಗದಲ್ಲಿ "ಎರರ್!" ಎಂದು ದಪ್ಪಕ್ಷರದಲ್ಲಿ ಬರುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ, ಸಂತೋಷಪಡಿ. ಕೈಯಿಂದ ಹೊಡೆದ ಸಂಖ್ಯೆ ತಪ್ಪಾದಾಗ ಬಾಯಿ ಮುಚ್ಚಿಕೊಂಡು ಇರುತ್ತದೆ. ಇದು ಕೂಗಿ ಹೇಳುತ್ತದೆ. ನನ್ನ ಕರಡಿನಲ್ಲಿ 91 ತಪ್ಪುಗಳಿದ್ದವು, ಒಂದೂ ಕೂಗಲಿಲ್ಲ.

ಇನ್ನೂ ಒಂದು ಮಾತನ್ನು ಮುಚ್ಚಿಡಬಾರದು. ವರ್ಡಿನಲ್ಲಿ ಚಿತ್ರವನ್ನು ಅಳಿಸಿದರೆ ಅಡಿಬರಹ ತಾನಾಗಿ ಅಳಿಯುವುದಿಲ್ಲ. ಸಂಖ್ಯೆ ಸರಿಯಾಗಿದ್ದರೂ ಹೆಸರು ಜಾರಬಹುದು. ಅದಕ್ಕೆ ಚಿತ್ರ ಮತ್ತು ಅಡಿಬರಹ ಎರಡನ್ನೂ ಒಂದೇ ಮನೆಯಿರುವ ಕೋಷ್ಟಕದೊಳಗೆ ಇಟ್ಟುಬಿಡಿ. ಎತ್ತಿದರೆ ಮನೆಯನ್ನೇ ಎತ್ತಿ, ಅಳಿಸಿದರೆ ಮನೆಯನ್ನೇ ಅಳಿಸಿ. ಲಿಬ್ರೆಆಫೀಸ್ ಇದನ್ನು ತಾನೇ ಮಾಡುತ್ತದೆ. ಅಡಿಬರಹ ಸೇರಿಸಿದ ಕೂಡಲೇ ಚಿತ್ರಕ್ಕೂ ಅದಕ್ಕೂ ಸೇರಿಸಿ ಒಂದು ಚೌಕಟ್ಟು ಕಟ್ಟುತ್ತದೆ. ನಾನು ಎರಡನೆಯ ಸಲ 117 ಫೋಟೋಗಳನ್ನೂ ಹೀಗೆ ಮನೆ ಮಾಡಿ ಕೂರಿಸಿದೆ. ಅದಕ್ಕೂ ಮುಂಚೆ ಇನ್ನೊಂದು ಕೆಲಸ ಮಾಡಿದೆ. ಫೋನಿನ ಕ್ಯಾಮೆರಾ ಕೊಟ್ಟ ಅಂಕಿಗಳನ್ನು ತೆಗೆದು, ಪ್ರತಿ ಫೋಟೋದ ಕಡತಕ್ಕೂ ಅದರಲ್ಲಿರುವವರ ಹೆಸರನ್ನೇ ಇಟ್ಟೆ. ಎರಡು ಭಾನುವಾರ ಹಿಡಿಯಿತು. ಬೆಲ್ಲಣ್ಣನ ಕಡತಕ್ಕೆ ಈಗ ಬೆಲ್ಲಣ್ಣನ ಪೂರ್ಣ ಹೆಸರೇ ಇದೆ.

ಈ ವಿಚಾರ ಹೊಸದೇನಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಎಂಬ ಪ್ರಾಧ್ಯಾಪಕರು 1977ರಲ್ಲಿ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ನೋಡಿದರು. ಗಣಿತದ ಸಾಲುಗಳು ಕೆಟ್ಟದಾಗಿ ಅಚ್ಚಾಗಿದ್ದವು. ಬೇಸರಪಟ್ಟು, ಪುಸ್ತಕ ಬರೆಯುವುದನ್ನು ಬದಿಗಿಟ್ಟು, ಅಕ್ಷರ ಜೋಡಿಸುವ 'ಟೆಕ್' ಎಂಬ ತಂತ್ರಾಂಶವನ್ನೇ ಬರೆಯಲು ಕೂತರು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಎಂಬ ಇನ್ನೊಬ್ಬ ವಿಜ್ಞಾನಿ ಅದರ ಮೇಲೆ 'ಲೇಟೆಕ್' ಕಟ್ಟಿದರು. ಇಂದಿಗೂ ಗಣಿತ, ಭೌತಶಾಸ್ತ್ರದ ಪ್ರಬಂಧಗಳನ್ನು ಹೆಚ್ಚಾಗಿ ಅದರಲ್ಲೇ ಬರೆಯುತ್ತಾರೆ. ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯನ್ನು ಅದರಲ್ಲೇ ಮಾಡಿದ್ದು.

ಲೇಟೆಕ್‌ನಲ್ಲಿ ದಪ್ಪ, ಗಾತ್ರ ಎಂದು ಯೋಚಿಸುವ ಹಾಗೇ ಇಲ್ಲ. ಇದು ಅಧ್ಯಾಯ, ಇದು ಚಿತ್ರ, ಇದರ ಲೇಬಲ್ ಇಂಥದು ಎಂದು ಬರೆಯುತ್ತಾ ಹೋಗುತ್ತೇವೆ. ಉಲ್ಲೇಖ ಬೇಕಾದಲ್ಲಿ ಸಂಖ್ಯೆ ಹಾಕದೆ ಆ ಲೇಬಲ್ಲನ್ನು ಹೇಳುತ್ತೇವೆ. ಮೊದಲ ಸಲ ಓಡಿಸಿದಾಗ ಪುಟದಲ್ಲಿ ಸಂಖ್ಯೆ ಬರಬೇಕಾದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಮೊದಲ ಓಟದಲ್ಲಿ ಅದು ಯಾವ ಲೇಬಲ್ ಎಲ್ಲಿದೆ, ಅದರ ಸಂಖ್ಯೆ ಎಷ್ಟು ಎಂದು ಬೇರೊಂದು ಕಡತದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಎರಡನೆಯ ಸಲ ಓಡಿಸಿದಾಗ ಅದನ್ನು ಓದಿ ಸರಿಯಾದ ಜಾಗದಲ್ಲಿ ತುಂಬುತ್ತದೆ. ನಮ್ಮ ಗಣಿತ ಮೇಡಂ ಯಾವಾಗಲೂ "ಪ್ರಶ್ನೆಪತ್ರಿಕೆ ಒಂದು ಸಲ ಪೂರ್ತಿ ಓದಿ, ಎರಡನೇ ಸಲಕ್ಕೆ ಪೆನ್ನು ತೆಗೀರಿ" ಅನ್ನುತ್ತಿದ್ದರು. ಮೊದಲ ಸಲ ಆ ಪ್ರಶ್ನಾರ್ಥಕ ಚಿಹ್ನೆಗಳನ್ನು ಕಂಡು ಹೆದರಿದಾಗ ನನಗೆ ಮೇಡಂ ನೆನಪಾಗಿದ್ದರು.

ಇನ್ನು ನಮ್ಮ ಕನ್ನಡದ ವಿಷಯ. 'ಹಾಗೆ ಕಾಣುವುದೇ ಬೇರೆ, ಹಾಗೆ ಇರುವುದೇ ಬೇರೆ' ಎಂದೆನಲ್ಲ, ಅದಕ್ಕೆ ನಮ್ಮ ಭಾಷೆಯಷ್ಟು ದೊಡ್ಡ ಉದಾಹರಣೆ ಇಲ್ಲ. ಹಳೆಯ ನುಡಿ, ಹಳೆಯ ಬರಹ ಫಾಂಟುಗಳಲ್ಲಿ ನಾವು 'ಕ' ಎಂದು ಹೊಡೆದಾಗ ತೆರೆಯ ಮೇಲೆ 'ಕ' ಕಾಣುತ್ತಿತ್ತು. ಆದರೆ ನುಡಿಯ ಕಡತದ ಒಳಗೆ ಇದ್ದದ್ದು ಇಂಗ್ಲಿಷಿನ 'ಪಿ', ಅದರ ಪಕ್ಕ ತಲೆಯ ಮೇಲೆ ಗೆರೆ ಇರುವ ಒಂದು 'ಎ'. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತಿತ್ತು. ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದರೆ ವೇಷ ಕಳಚಿ ಬೀಳುತ್ತಿತ್ತು. ಆ ಕಾಲಕ್ಕೆ ಬೇರೆ ದಾರಿ ಕಡಿಮೆಯಿತ್ತು. ಆ ತಂತ್ರಾಂಶಗಳನ್ನು ಮಾಡಿದವರಿಂದಲೇ ನಮ್ಮಂಥವರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಕಲಿತದ್ದು, ಆ ಋಣ ದೊಡ್ಡದು. ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ 'ಕ' ಅಕ್ಷರಕ್ಕೆ 3221 ಎಂಬ ಅದರದೇ ಸಂಖ್ಯೆ ಇದೆ. ಯಾವ ಫಾಂಟಿನಲ್ಲಿ ತೋರಿಸಿದರೂ, ಯಾವ ದೇಶದ ಕಂಪ್ಯೂಟರಿಗೆ ಹೋದರೂ ಅದು 'ಕ'. ಚೀಟಿ ಅಕ್ಷರಕ್ಕೇ ಅಂಟಿದೆ.

ಇದರಿಂದ ಏನು ವ್ಯತ್ಯಾಸ ಎನ್ನಬಹುದು. ನನ್ನ ಬೆಂಚಿನ ಗೆಳೆಯನೊಬ್ಬ ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾನೆ. ಶಾಲೆ ಬಿಟ್ಟ ಮೇಲೆ ಕಾಯಿಲೆಯಿಂದ ಅವನ ದೃಷ್ಟಿ ಹೋಯಿತು. ಅವನು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದಿಂದ ಕಂಪ್ಯೂಟರ್ ಬಳಸುತ್ತಾನೆ. ತೆರೆಯ ಮೇಲಿನದನ್ನು ಅದು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. "ಸಂಚಿಕೆ ಅಚ್ಚಾದ ಮೇಲೆ ನನಗೆ ಪುಸ್ತಕ ಬೇಡ ಕಣೋ, ಫೈಲ್ ಕಳಿಸು" ಎಂದ. ಕರಡನ್ನು ಕಳಿಸಿದೆ. ಅರ್ಧ ಗಂಟೆಗೆ ಫೋನ್ ಬಂತು. "ಲೋ, ಇದೇನೋ, ಹೆಡ್‌ಮಾಸ್ಟರ್ ಲೇಖನ ಬರೀ ಎಬಿಸಿಡಿ ಒದರ್ತಾ ಇದೆ?" ಎಂದ. ಹಳೆಯ ಫಾಂಟಿನಲ್ಲಿ ಬಂದ ಹನ್ನೊಂದು ಲೇಖನಗಳನ್ನು ನಾನು ಹಾಗೆಯೇ ಸೇರಿಸಿದ್ದೆ. ನಮ್ಮ ಕಣ್ಣಿಗೆ ಅದು ಚೆಂದದ ಕನ್ನಡ. ಅವನ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

ಆ ಹನ್ನೊಂದನ್ನೂ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದೆವು. ಪರಿವರ್ತಕವನ್ನು ಪೂರ್ತಿ ನಂಬುವ ಹಾಗಿಲ್ಲ. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ, ಕೆಲವು ಒತ್ತಕ್ಷರಗಳು ಕೆಡುತ್ತವೆ. ಒಂಬತ್ತನೇ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ಕೂತು, ಒಬ್ಬರು ಮೂಲ ಓದಿ ಇನ್ನೊಬ್ಬರು ಹೊಸದನ್ನು ನೋಡಿ ತಿದ್ದಿಕೊಟ್ಟರು. ಆ ಮಕ್ಕಳಿಗೆ ಒಂದು ಚಪ್ಪಾಳೆ ಬರಲಿ.

ತಲೆಬರಹಗಳೆಲ್ಲ ಹೆಡಿಂಗ್ 1 ಆದ ಮೇಲೆ ನನ್ನ ಗೆಳೆಯನಿಗೆ ಇನ್ನೊಂದು ಅನುಕೂಲ ಆಯಿತು. ಎನ್‌ವಿಡಿಎಯಲ್ಲಿ ಓದುವಾಗ 'ಎಚ್' ಗುಂಡಿ ಒತ್ತಿದರೆ ಮುಂದಿನ ತಲೆಬರಹಕ್ಕೆ ಹಾರುತ್ತದೆ. ನಾವು ಪುಟ ತಿರುವಿದ ಹಾಗೆ. ಬರೀ ದಪ್ಪಕ್ಷರ ಮಾಡಿದ್ದರೆ ಅದು ಹಾರುವುದಿಲ್ಲ, ಅವನು 62 ಬರಹಗಳನ್ನೂ ಮೊದಲಿಂದ ಕೊನೆಯವರೆಗೆ ಕೇಳುತ್ತಾ ಕೂರಬೇಕಿತ್ತು. ಫೋಟೋಗಳಿಗೂ ಆಲ್ಟ್ ಟೆಕ್ಸ್ಟ್ ಎಂಬ ಜಾಗದಲ್ಲಿ ಎರಡು ಸಾಲಿನ ವಿವರಣೆ ಬರೆದೆವು. "ಬೇವಿನ ಮರ, ಅದಕ್ಕೆ ನೇತಾಡುವ ಕಂಬಿ, ಪಕ್ಕದಲ್ಲಿ ಖಾಕಿ ಅಂಗಿ ತೊಟ್ಟು ಸುತ್ತಿಗೆ ಹಿಡಿದು ನಿಂತವರು" ಎಂದು. ಮೊನ್ನೆ ಅವನು ಅದನ್ನು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಂಬಿಯ ಸದ್ದು ಕೇಳಿದಂಗಾಯ್ತು" ಎಂದ.

ಮನೆಗೆ ಹೋಗಿ ಮಾಡಿನೋಡುವವರಿಗೆ ಮೂರು ಸಣ್ಣ ವಿಷಯ ಹೇಳಿಬಿಡುತ್ತೇನೆ. ಒಂದು, ವಾಟ್ಸಾಪಿನಿಂದಲೋ ಬೇರೆ ಕಡೆಯಿಂದಲೋ ತಂದು ಅಂಟಿಸುವಾಗ 'ಕೀಪ್ ಟೆಕ್ಸ್ಟ್ ಓನ್ಲಿ' ಎಂದು ಆರಿಸಿ, ಬರೀ ಅಕ್ಷರಗಳನ್ನು ತನ್ನಿ. ಇಲ್ಲದಿದ್ದರೆ ಅಲ್ಲಿನ ಗಾತ್ರ, ಬಣ್ಣ ಎಲ್ಲ ನೆಂಟರ ಹಿಂದೆ ಬಂದ ನೆಂಟರಂತೆ ಒಳಗೆ ಬರುತ್ತವೆ. ಬಂದುಬಿಟ್ಟಿದ್ದರೆ, ಆ ಭಾಗವನ್ನು ಆಯ್ದು, ವರ್ಡಿನಲ್ಲಿ ಕಂಟ್ರೋಲ್ ಮತ್ತು ಸ್ಪೇಸ್, ಲಿಬ್ರೆಆಫೀಸಿನಲ್ಲಿ ಕಂಟ್ರೋಲ್ ಮತ್ತು 'ಎಂ' ಒತ್ತಿದರೆ ಕೈಯಿಂದ ಹಾಕಿದ ಅಲಂಕಾರ ಹೋಗುತ್ತದೆ. ಎರಡು, ಫಾಂಟು ಬದಲಾಯಿಸಿದರೂ ಕನ್ನಡ ಬದಲಾಗಲಿಲ್ಲ ಎಂದರೆ ಕಂಪ್ಯೂಟರ್ ಕೆಟ್ಟಿಲ್ಲ. ಕನ್ನಡಕ್ಕೆ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಎಂದು ಬೇರೆಯೇ ಫಾಂಟಿನ ಜಾಗ ಇರುತ್ತದೆ; ಸ್ಟೈಲಿನ ಒಳಗೆ ಅಲ್ಲಿ ಬದಲಾಯಿಸಿ. ಮೂರು, ಸಾಲುಗಳ ಅಂತರವನ್ನು 'ಎಕ್ಸಾಕ್ಟ್ಲಿ' ಎಂದು ಬಿಗಿ ಮಾಡಬೇಡಿ. ಇಂಗ್ಲಿಷಿಗೆ ಸರಿಹೋಗುವ ಅಳತೆಯಲ್ಲಿ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ.

ಶಿಕ್ಷಕರಿಗೆ ಒಂದು ವಿನಂತಿ. ಪ್ರಶ್ನೆಪತ್ರಿಕೆ, ಸಮಿತಿಯ ನಡವಳಿ, ವರದಿ, ಎಲ್ಲ ನೀವೇ ಟೈಪ್ ಮಾಡುತ್ತೀರಿ, ಅದೂ ಪಾಠದ ನಡುವೆ. ಒಂದು ಸಲ ಸ್ಟೈಲುಗಳನ್ನು ಹೊಂದಿಸಿ ಖಾಲಿ ಮಾದರಿಯೊಂದನ್ನು ಇಟ್ಟುಕೊಂಡರೆ ಪ್ರತಿ ವರ್ಷ ಅದೇ ಉಪಯೋಗಕ್ಕೆ ಬರುತ್ತದೆ. ನಾನು ಅಂಥ ಮೂರು ಮಾದರಿಗಳನ್ನು ಮಾಡಿ ಶಾಲೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದೇನೆ. ಬೇಸಿಗೆ ರಜೆಯಲ್ಲಿ ಎರಡು ದಿನ ಬಂದು ಮಕ್ಕಳಿಗೂ ಹೇಳಿಕೊಡುತ್ತೇನೆ. ಇದು ವೇದಿಕೆಯ ಮೇಲೆ ಕೊಟ್ಟ ಮಾತು, ಮುಖ್ಯೋಪಾಧ್ಯಾಯರು ಬರೆದಿಟ್ಟುಕೊಳ್ಳಬೇಕು.

ಊರಿನವರಿಗೆ ಇನ್ನೊಂದು ವಿನಂತಿ. ಇದಕ್ಕೆ ಕಂಪ್ಯೂಟರೇ ಬೇಡ. ಸಂಚಿಕೆಗಾಗಿ ಕೊಟ್ಟ ಫೋಟೋಗಳನ್ನು ಇವತ್ತು ವಾಪಸ್ ಕೊಡುತ್ತಿದ್ದಾರೆ. ಮನೆಗೆ ಹೋದ ಮೇಲೆ ಅವುಗಳ ಹಿಂಬದಿಗೆ, ಮೆತ್ತನೆಯ ಪೆನ್ಸಿಲಿನಲ್ಲಿ, ಅದರಲ್ಲಿರುವವರ ಹೆಸರು, ವರ್ಷ ಬರೆದಿಡಿ. ಗುರುತಿಸುವ ಹಿರಿಯರು ಮನೆಯಲ್ಲಿ ಇರುವಾಗಲೇ ಬರೆಯಿರಿ. ನಮಗೆ ಬಂದ ಫೋಟೋಗಳಲ್ಲಿ ಒಂಬತ್ತರಲ್ಲಿ ಇರುವವರು ಯಾರೆಂದು ಯಾರಿಂದಲೂ ಹೇಳಲಾಗಲಿಲ್ಲ. ಅವುಗಳ ಕೆಳಗೆ "ಗುರುತು ಸಿಕ್ಕಿಲ್ಲ" ಎಂದೇ ಹಾಕಿದ್ದೇವೆ. ಯಾವ ತಂತ್ರಾಂಶವೂ ಅದನ್ನು ತುಂಬಲಾರದು. ಚೀಟಿಯನ್ನು ಭದ್ರವಾಗಿ ಅಂಟಿಸುವುದು ಅದರ ಕೆಲಸ, ಚೀಟಿಯ ಮೇಲೆ ಬರೆಯುವುದು ನಮ್ಮ ಕೆಲಸ.

ಬೆಲ್ಲಣ್ಣನ ನಿಜವಾದ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಸಂಚಿಕೆ ಕೈಗೆ ಬಂದ ಮೇಲೆ ಚಿತ್ರಗಳ ಪಟ್ಟಿಯಲ್ಲಿ ಹುಡುಕಿ. ಪಟ್ಟಿಯಲ್ಲಿರುವ ಪುಟಕ್ಕೆ ಹೋದರೆ ಅಲ್ಲಿ ಅವರೇ ಇರುತ್ತಾರೆ, ಅವರ ಕೆಳಗೆ ಅವರ ಹೆಸರೇ ಇರುತ್ತದೆ. ಅಂತಿಮ ಪ್ರತಿಯನ್ನು ಅಚ್ಚಿಗೆ ಕಳಿಸುವ ಹಿಂದಿನ ದಿನ ನಾನು ಎಫ್9 ಒತ್ತಿ, ಆಮೇಲೆ ಅಡುಗೆಮನೆಗೆ ಹೋಗಿ ಆ ಅಕ್ಕನಿಗೆ ತೋರಿಸಿಯೇ ಕಳಿಸಿದ್ದು. ಅವರು ಹೆಸರಿನ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿ, "ಈಗ ಸರಿಯಾಯ್ತು, ಊಟ ಮಾಡ್ಕೊಂಡು ಹೋಗು" ಎಂದರು.

ಮೇಷ್ಟ್ರೇ, ಈ ಸಲ ಪೂರ್ತಿ ಹೇಳಿದೆ.